ಹುಲ್ಲು ಕತ್ತರಿಸುವ ಗಾಡಿ

ಮತ್ತೆ ನಿಂತಿತು.

ಈ ಸಲ ಒಂದೂವರೆ ಸುತ್ತು ಬಂದಿತ್ತು. ಮೊದಲು ಒಂದು ಕೆಮ್ಮು, ಸ್ವಲ್ಪ ಬಿಟ್ಟು ಇನ್ನೊಂದು, ಆಮೇಲೆ ಕೆಳಗಿನ ಬ್ಲೇಡುಗಳು ಸೋತು ಸುಮ್ಮನಾದವು. ಇಂಜಿನ್ನಿನ ಸದ್ದು ಅಡಗಿದ್ದೇ ಪಕ್ಕದ ಶೆಡ್ಡುಗಳ ಮಗ್ಗದ ಖಟಖಟ ಕೇಳತೊಡಗಿತು. ಸಮ್ಮೇದ ಸೀಟಿನ ಮೇಲೆಯೇ ಕೂತ. ಮನಸ್ಸು ಹಗುರಾದಂತಾಯಿತು. ಹಗುರಾದದ್ದು ಗಮನಕ್ಕೆ ಬಂದು ನಾಚಿಕೆಯಾಯಿತು.

ಗಾಡಿ ಸರಿಯಾದ ಮೇಲೆ ಮಾವನಿಗೆ ಹೇಳುವುದು ಎಂದು ಅವನು ಬೆಳಿಗ್ಗೆ ಹಲ್ಲುಜ್ಜುವಾಗ ತೀರ್ಮಾನಿಸಿದ್ದ. ಗಡಹಿಂಗ್ಲಜದ ಒಂದು ಪಾಲಿಟೆಕ್ನಿಕ್ಕಿನಲ್ಲಿ ಅವನಿಗೆ ಪಾಠ ಹೇಳುವ ಕೆಲಸ ಸಿಕ್ಕಿದೆ. ಇವತ್ತು ಸಂಜೆ ಕಚೇರಿ ಮುಚ್ಚುವುದರೊಳಗೆ ಹೋಗಿ ಹಾಜರಾಗಬೇಕು. ಹೋಗದಿದ್ದರೆ ಪಟ್ಟಿಯಲ್ಲಿ ಮುಂದಿನವನಿಗೆ ಹೋಗುತ್ತದೆ. ಇದು ಗೊತ್ತಾಗಿ ವಾರವಾಯಿತು. ವಾರದಿಂದ ಅವನು ಹೇಳಲು ಸರಿಯಾದ ಹೊತ್ತಿಗಾಗಿ ಕಾಯುತ್ತಿದ್ದಾನೆ. ಒಂದು ದಿನ ಮಾವನಿಗೆ ನೆಗಡಿ, ಒಂದು ದಿನ ಬೀಗರು ಬಂದಿದ್ದರು, ಒಂದು ದಿನ ಮಾವ ತುಂಬ ಖುಷಿಯಲ್ಲಿದ್ದರು. ಖುಷಿಯಲ್ಲಿದ್ದವರ ಖುಷಿ ಹಾಳು ಮಾಡುವುದು ಹೇಗೆ?

"ಜಾವಯಿಸಾಹೇಬ್ರ, ಪೆಟ್ರೋಲ್ ಹಾಕೂಣೇನ್ರಿ?" ಎಂದ ಹಣಮಂತ. ಲಾನಿನ ಕೆಲಸಕ್ಕಿದ್ದವನು.

"ಐತಿ ಅದರಾಗ."

"ಮತ್ತಷ್ಟ ಹಾಕೂಣ್ರಿ."

ಹಣಮಂತನ ಔಷಧಿ ಇದೊಂದೇ. ಎಮ್ಮೆ ಕಾಲು ಮುರಿದುಕೊಂಡರೂ ಅವನು ಮೇವು ಹಾಕುವವನು.

ಆ ಮನೆಯಲ್ಲಿ ಎಲ್ಲರಿಗೂ ಅವನು ಜಾವಯಿ, ಅಳಿಯ. ಆಳುಗಳಿಗೆ ಜಾವಯಿಸಾಹೇಬ, ಅತ್ತೆ ಮಾವನಿಗೆ ಜಾವಯಿಬಾಪು, ಇಚಲಕರಂಜಿಯ ಪೇಟೆಗೆ ಪಾಟೀಲರ ಜಾವಯಿ. ಹೆಂಡತಿ ನೂತನ 'ರೀ' ಎನ್ನುತ್ತಾಳೆ. ಸಂದರ್ಶನದ ದಿನ ಗಡಹಿಂಗ್ಲಜದಲ್ಲಿ ಗುಮಾಸ್ತನೊಬ್ಬ ಬಾಗಿಲಲ್ಲಿ ನಿಂತು ಅವನ ಹೆಸರನ್ನು ಕೂಗಿದಾಗ ಅವನು ಕ್ಷಣಹೊತ್ತು ಎದ್ದಿರಲಿಲ್ಲ. ಯಾರೋ ಸಮ್ಮೇದನೆಂಬವನು ಏಳುತ್ತಾನೆಂದು ಸುತ್ತ ನೋಡಿದ್ದ.

ಮಾವ ಬಾಪೂಸಾಹೇಬರಿಗೆ ನೂತನ ಒಬ್ಬಳೇ ಮಗಳು. ಊರಂಚಿನ ಶಹಾಪುರದ ಹಳೆಯ ಮಗ್ಗಗಳನ್ನು ಗುಜರಿಗೆ ಹಾಕಿ, ಆ ಜಾಗದಲ್ಲಿ ಅವರು ಮದುವೆ ಮುಂಜಿಗೆ ಬಾಡಿಗೆ ಕೊಡುವ ಲಾನು ಮಾಡಿದಾಗ, ನೋಡಿಕೊಳ್ಳಲು ಮನೆಯವರೊಬ್ಬರು ಬೇಕಾಯಿತು. ಸಮ್ಮೇದ ಆಗ ಕೊಲ್ಹಾಪುರದಲ್ಲಿ ಪಾಠ ಹೇಳುತ್ತಿದ್ದ. ಕೆಲಸ ಬಿಡು ಎಂದು ಅವನಿಗೆ ಯಾರೂ ಹೇಳಲಿಲ್ಲ. ಮಾಳಿಗೆಯ ಕೋಣೆಗೆ ಎ.ಸಿ. ಹಾಕಿಸಿದರು, ಅವನ ಪುಸ್ತಕಗಳಿಗೆ ಸಾಗವಾನಿಯ ಕಪಾಟು ಮಾಡಿಸಿದರು, ಅಷ್ಟೆ. ಇಷ್ಟು ಮಾಡಿದವರ ಮೇಲೆ ಸಿಟ್ಟಾಗಲು ಒಂದು ಕಾರಣವಾದರೂ ಬೇಕಲ್ಲ. ವರ್ಷಗಳಿಂದ ಹುಡುಕುತ್ತಿದ್ದ, ಸಿಕ್ಕಿರಲಿಲ್ಲ.

ಗಾಡಿಯನ್ನು ಮಾವ ಪುಣೆಯ ಕಡೆ ಮುಚ್ಚಿಹೋದ ರಿಸಾರ್ಟೊಂದರ ಹರಾಜಿನಲ್ಲಿ ತಂದಿದ್ದರು. ಸಣ್ಣ ಟ್ರ್ಯಾಕ್ಟರಿನ ಹಾಗಿರುವ, ಮೇಲೆ ಕೂತು ಓಡಿಸುತ್ತ ಹುಲ್ಲು ಕತ್ತರಿಸುವ ಗಾಡಿ. ಮಳೆಗಾಲ ಪೂರ್ತಿ ಶೆಡ್ಡಿನಲ್ಲಿ ನಿಂತಿತ್ತು. ಈಗ ನಾಡಿದ್ದು ಶಿರೋಳದ ದೊಡ್ಡ ಮನೆತನದ ಬಸುರಿ ಸೊಸೆಗೆ ಇಲ್ಲಿ ಕುಬಸ. ಹುಲ್ಲು ಗೇಣುದ್ದ ಬೆಳೆದಿದೆ. ನಾಳೆ ಕತ್ತರಿಸೋಣವೆಂದರೆ ನಾಳೆ ಚತುರ್ದಶಿ. ಇದು ಜೈನರ ಮನೆ, ಅಷ್ಟಮಿ ಚತುರ್ದಶಿಗೆ ಅತ್ತೆ ಕಾಂಚನಬಾಯಿ ಹಸಿರನ್ನು ನೋಯಿಸುವವರಲ್ಲ, ಕೊತ್ತಂಬರಿಯ ಒಂದು ಎಲೆಯನ್ನೂ ಚಿವುಟುವುದಿಲ್ಲ. ಅಂಥವರು ಎಕರೆಗಟ್ಟಲೆ ಹುಲ್ಲು ಸವರಲು ಬಿಟ್ಟಾರೆ? ಹಾಗಾಗಿ ಏನಿದ್ದರೂ ಇವತ್ತೇ.

ಬಾಪೂಸಾಹೇಬರು ಪ್ಲಾಸ್ಟಿಕ್ ಕುರ್ಚಿಯೊಂದನ್ನು ತಾವೇ ಎತ್ತಿಕೊಂಡು ಬಂದು ಬೇವಿನ ಗಿಡದ ಕೆಳಗೆ ಹಾಕಿ ಕೂತರು. ಬಿಳಿ ಟೊಪ್ಪಿಗೆ, ತೊಳೆದ ಧೋತರ, ಮುಖದಲ್ಲಿ ಎಂದಿನ ಪ್ರೀತಿ. ಆ ಪ್ರೀತಿ ಬೆನ್ನಿಗೆ ತಾಕಿದಂತಾಗಿ ಸಮ್ಮೇದ ಗಾಡಿಯ ಆ ಬದಿಗೆ ಸರಿದ.

"ಮಿಸ್ತ್ರಿನ್ನ ಕರಸೂಣೇನ್ರಿ ಧಣೇರ?" ಎಂದು ಹಣಮಂತ ಕೇಳಿದ.

"ಮನ್ಯಾಗ ಇಂಜಿನಿಯರ್ ಅದಾರ, ಮಿಸ್ತ್ರಿ ಯಾಕಲೇ ನಿನಗ?" ಎಂದು ಬಾಪೂಸಾಹೇಬರು ನಕ್ಕರು. ನಂತರ ದನಿ ಇಳಿಸಿ, "ಏನರೆ ಹೇಳೂದೈತೇನ್ರಿ ಜಾವಯಿಬಾಪು?" ಎಂದರು.

ಸಮ್ಮೇದ ತಲೆಯೆತ್ತಿದ.

"ಪೆಟ್ರೋಲ್ ಹಳೇದಾಗೇತ್ರಿ," ಎಂದ. "ಮಳಿಗಾಲ ಪೂರಾ ಟಾಕ್ಯಾಗ ಇತ್ತು. ತಗದು ಹೊಸಾದು ಹಾಕಿ ನೋಡ್ತೇನಿ."

"ಆತು. ನೋಡ್ರಿ. ನಾ ಇಲ್ಲೇ ಇರ್ತೇನಿ."

ಟ್ಯಾಂಕಿನ ಬಾಯಿಯಿಂದ ಹಳೆಯ ಪೆಟ್ರೋಲು ಡಬ್ಬಿಗೆ ಇಳಿಯಿತು. ಬಣ್ಣ ಕಂದಿತ್ತು, ವಾರ್ನಿಷ್‌ನಂಥ ಹುಳಿ ವಾಸನೆ. ಇದೇ ಇರಬೇಕು ಎಂದುಕೊಂಡ. ಹಣಮಂತ ಪಂಪಿಗೆ ಹೋಗಿ ಹೊಸದನ್ನು ತಂದ. ಕೀಲಿ ತಿರುಗಿಸಿದ ಕೂಡಲೇ ಗಾಡಿ ಚಾಲೂ ಆಯಿತು, ಸೊಗಸಾಗಿ ಒಂದು ಸುತ್ತು ಹೋಯಿತು, ಬೇಲಿಯ ಮೂಲೆಯಲ್ಲಿ ಕೆಮ್ಮಿ ನಿಂತಿತು. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಶುರು. ಮತ್ತೆ ಅಷ್ಟೇ ದೂರ. ಸಂಪೂರ್ಣ ಕೆಟ್ಟಿದ್ದರೆ ಕೈಬಿಡಬಹುದಿತ್ತು. ಇದು ಕೆಟ್ಟೂ ಇಲ್ಲ, ನೆಟ್ಟಗೂ ಇಲ್ಲ. ತನ್ನ ಬಗ್ಗೆ ಯಾರಾದರೂ ಕೇಳಿದರೆ ಇದನ್ನೇ ಹೇಳಬಹುದಲ್ಲ ಎಂದುಕೊಂಡು ಸ್ಪಾರ್ಕ್ ಪ್ಲಗ್ ಬಿಚ್ಚಿದ. ತುದಿ ಒಣಗಿತ್ತು. ಕಿಡಿ ಹಾರುತ್ತಿತ್ತು. ಅಂದರೆ ಸುಡುವುದಕ್ಕೆ ಎಲ್ಲ ಸಿದ್ಧವಿದೆ, ಸುಡಬೇಕಾದದ್ದೇ ಬರುತ್ತಿಲ್ಲ.

ನೂತನ ಚಹ ತಂದಳು. ಬೇವಿನ ಕಡೆಗೊಮ್ಮೆ ನೋಡಿ, ಗಾಡಿಯ ಮರೆಗೆ ಬಗ್ಗಿ ಕೇಳಿದಳು.

"ಹೇಳಿದ್ರೇನು?"

"ಇಲ್ಲ. ಇದಷ್ಟು ಆಗಲಿ."

"ಬಾಬಾ ಅಲ್ಲೇ ಕುಂತಾರ. ನಾಕ ಹೆಜ್ಜಿ ಇಲ್ಲ."

"ಕೈಯೆಲ್ಲ ಎಣ್ಣಿ ಆಗೇತಿ ನೂತನ."

"ಹೇಳಾಕ ಕೈ ಯಾಕ ಬೇಕ್ರಿ?"

ಅವನು ಚಹದ ಕಪ್ಪನ್ನು ಸೀಟಿನ ಮೇಲಿಟ್ಟು ಸ್ಪ್ಯಾನರು ಹುಡುಕತೊಡಗಿದ. ಸ್ಪ್ಯಾನರು ಅವನ ಕೈಯಲ್ಲೇ ಇತ್ತು. ಅದನ್ನು ಅವಳೂ ನೋಡಿ ಒಳಗೆ ಹೋದಳು.

ಕಾರ್ಬ್ಯುರೇಟರಿನ ಅಡಿಯ ಬಟ್ಟಲು ಒಂದೇ ನಟ್ಟಿನ ಮೇಲೆ ನಿಂತಿರುತ್ತದೆ. ಬಿಚ್ಚಿದರೆ ಒಳಗೆ ಪುಟ್ಟದೊಂದು ತೇಲುವ ಬುರುಡೆ, ಅದರ ಕೊರಳಿಗೊಂದು ಸೂಜಿ. ಬಟ್ಟಲು ತುಂಬಿದರೆ ಬುರುಡೆ ಏರಿ ಸೂಜಿ ದಾರಿ ಮುಚ್ಚುತ್ತದೆ, ಖಾಲಿಯಾದರೆ ಇಳಿದು ತೆರೆಯುತ್ತದೆ. ಇದನ್ನು ಅವನು ಒಂದು ಕಾಲಕ್ಕೆ ಕರಿಹಲಗೆಯ ಮೇಲೆ ಬರೆದು ಹೇಳುತ್ತಿದ್ದ. ಸಮ್ಮೇದ ತೆಳ್ಳನೆಯ ತಾಮ್ರದ ತಂತಿಯೊಂದನ್ನು ಬಿಡಿಸಿಕೊಂಡು ಪೆಟ್ರೋಲು ಚಿಮ್ಮುವ ಜೆಟ್ಟಿನ ಕಣ್ಣಿಗೆ ಪೋಣಿಸಿದ. ಒಂದು ಕಾಳಷ್ಟು ಹಳದಿ ಜಿಗುಟು ಉದುರಿತು. ಅದನ್ನು ಬೆರಳ ತುದಿಯಲ್ಲಿ ಹಿಡಿದು ಬಿಸಿಲಿಗೆ ನೋಡಿದ. ಎಷ್ಟೋ ದಿನಗಳ ಮೇಲೆ ಅವನಿಗೆ ಸಂತೋಷವಾಗಿತ್ತು. ನೋಡ್ರಪಾ ಹುಡುಗರ, ಇಷ್ಟು ಸಣ್ಣದೊಂದು ಕಸ, ಎಂದು ಮನಸ್ಸಿನಲ್ಲೇ ಪಾಠ ಶುರು ಮಾಡಿದ. ಹಿಂದಿನ ಬೆಂಚಿನವನು ಏನೋ ಕೇಳಿದ, ಇವನು ಉತ್ತರ ಹೇಳಿದ. ಬುರುಡೆ ಅಲ್ಲಾಡಿಸಿ ತೋರಿಸಿದ. ಸೂಜಿ ಉಜ್ಜಿದ. ಪೆಟ್ರೋಲಿನ ಫಿಲ್ಟರ್ ತೆಗೆದು ಊದಿ ನೋಡಿದ, ಸ್ವಚ್ಛವಾಗಿತ್ತು, ಆದರೂ ಇನ್ನೊಮ್ಮೆ ಊದಿದ.

ಮೈಮೇಲೆ ನೆರಳು ಬಿದ್ದಾಗ ನೋಡಿದರೆ ಬಾಪೂಸಾಹೇಬರು ಪಕ್ಕದಲ್ಲೇ ನಿಂತಿದ್ದರು. ಯಾವಾಗಿನಿಂದ ನಿಂತಿದ್ದರೋ. ಕೈಗಡಿಯಾರ ನೋಡಿಕೊಂಡರು.

"ಹನ್ನೆರಡಾತು," ಎಂದರು.

"ಹೌದ್ರಿ."

"ಏನೂ ಇಲ್ಲಲ್ಲ ಮತ್ತ?"

"ಏನಿಲ್ರಿ. ಇಷ್ಟ ಕೂಡಿಸಿದ್ರ ಆತು."

ಅವರು ಇನ್ನೂ ಸ್ವಲ್ಪ ನಿಂತರು. ಅವನ ಭುಜವನ್ನು ಮೆಲ್ಲಗೆ ಒಂದು ಸಲ ತಟ್ಟಿ ಮನೆಯ ಕಡೆ ನಡೆದರು. ಹಣಮಂತನನ್ನು ಕುರ್ಚಿ ತರಲು ಟೆಂಪೊ ಜೊತೆ ಕಳಿಸಿದರು. ಸಮ್ಮೇದ ಒಬ್ಬನೇ ಉಳಿದ. ಇಷ್ಟಾದರೂ ಎರಡರೊಳಗೆ ಮೋಟಾರ್ ಸೈಕಲ್ ಬಿಟ್ಟರೆ ಹೊತ್ತಿರುತ್ತಲೇ ಮುಟ್ಟಬಹುದು ಎಂದು ಲೆಕ್ಕ ಹಾಕಿದ. ಅವನ ಲೆಕ್ಕಗಳು ಯಾವತ್ತೂ ತಪ್ಪುತ್ತಿರಲಿಲ್ಲ.

ಎಲ್ಲ ಕೂಡಿಸಿ ಓಡಿಸಿದ. ಅದೇ ದೂರ, ಅದೇ ಕೆಮ್ಮು.

ನೂತನ ಹಿತ್ತಲ ಮೆಟ್ಟಿಲ ಮೇಲಿಂದ ಕೈಸನ್ನೆಯಲ್ಲೇ ಕೇಳಿದಳು. ಅವನು ಕೈಸನ್ನೆಯಲ್ಲೇ, ಇನ್ನೊಂದು ಚೂರು, ಎಂದ.

ಈಗ ನಿಜವಾಗಿಯೂ ಸಿಟ್ಟು ಬಂತು. ಯಂತ್ರದ ಮೇಲೆ ಸಿಟ್ಟಾಗುವುದು ಸುಲಭ. ಪೆಟ್ರೋಲಿನ ಕೊಳವೆಯನ್ನೇ ಕಿತ್ತು ಡಬ್ಬಿಗೆ ಬಿಟ್ಟ. ನಾಲ್ಕು ಹನಿ ಬಿದ್ದು ನಿಂತಿತು. ಟ್ಯಾಂಕಿನಲ್ಲಿ ಪೆಟ್ರೋಲು ತುಂಬಿದೆ, ಕೊಳವೆಯಲ್ಲಿ ತಡೆಯಿಲ್ಲ, ಆದರೂ ಇಳಿಯುತ್ತಿಲ್ಲ. ಸುಮ್ಮನೆ ಟ್ಯಾಂಕಿನ ಮುಚ್ಚಳ ತಿರುಗಿಸಿದ.

'ಸುಸ್' ಎಂದು ದೀರ್ಘವಾದ ಸದ್ದಾಯಿತು. ಬಹಳ ಹೊತ್ತು ನೀರಲ್ಲಿ ಮುಳುಗಿದ್ದವನು ತಲೆ ಹೊರಗೆ ಹಾಕಿದಂತೆ ಟ್ಯಾಂಕು ಗಾಳಿ ಎಳೆದುಕೊಂಡಿತು. ಕೊಳವೆಯಿಂದ ಪೆಟ್ರೋಲು ದಂಡಿಯಾಗಿ ಸುರಿಯಿತು, ಅವನ ಚಪ್ಪಲಿ ಒದ್ದೆಯಾಯಿತು.

ಗೊತ್ತಾಯಿತು. ಟ್ಯಾಂಕಿನ ಮುಚ್ಚಳದ ನೆತ್ತಿಯಲ್ಲಿ ಸೂಜಿ ಮೊನೆಯಷ್ಟು ತೂತಿರುತ್ತದೆ. ಪೆಟ್ರೋಲು ಇಳಿದ ಹಾಗೆ ಅದರಿಂದ ಗಾಳಿ ಒಳಗೆ ಹೋಗಬೇಕು. ಹೋಗದಿದ್ದರೆ ತುಂಬಿದ ಟ್ಯಾಂಕೂ ಹನಿ ಬಿಡುವುದಿಲ್ಲ. ಮುಚ್ಚಳ ಒರೆಸಿ ನೋಡಿದ. ತೂತಿನ ಮೇಲೆ ಬಿಳಿ ಮೇಣ. ತಾನಾಗಿ ಬಿದ್ದದ್ದಲ್ಲ. ಯಾರೋ ಹನಿಸಿ, ಆರುವ ಮುಂಚೆ ಹೆಬ್ಬೆರಳಿನಿಂದ ಅಮುಕಿ ನಯ ಮಾಡಿದ್ದರು. ಬೆರಳ ಗೆರೆ ಸ್ಪಷ್ಟವಾಗಿ ಮೂಡಿತ್ತು.

"ಬಿಸಲಾಗ ಎಷ್ಟ ದಣದೀರಿ! ಪಾನಕಾ ತಂದೇನಿ, ಕುಡೀರಿ." ಕಾಂಚನಬಾಯಿ ಲೋಟದ ಬಾಯಿಗೆ ಬಟ್ಟೆ ಮುಚ್ಚಿಕೊಂಡು ಬಂದಿದ್ದರು. ಅವರ ಕಣ್ಣು ಮುಚ್ಚಳದ ಮೇಲೆ ಬಿತ್ತು. "ಅದು ಇನ್ನೂ ಗಟ್ಟಿ ಐತೇನ್ರಿ? ನಾನಽ ಮಾಡಿದ್ದು."

"ನೀವಾ?"

"ಮಳಿಗಾಲದಾಗ ನೋಡಿದ್ನಿ. ಒಂದ ಸಾಲ ಇರಿವಿ ಆ ತೂತಿನ್ಯಾಗ ಇಳಿಯಾಕತ್ತಿದ್ವು. ಒಳಗ ಬಿದ್ದು ಸಾಯ್ತಾವ ಜೀವ. ಪಾಪ, ಅವಕ್ಕೇನ ಗೊತ್ತು? ಮ್ಯಾಣಬತ್ತಿ ಹಚ್ಚಿಕೊಂಡು ಬಂದು ಹನಿಸಿ ಮುಚ್ಚಿದ್ನಿ. ಬರೋಬ್ಬರಿ ಆತಲ್ಲ?"

ಮನೆಯಲ್ಲಿ ನೀರನ್ನು ಎರಡು ಮಡಿಕೆ ಬಟ್ಟೆಯಲ್ಲಿ ಸೋಸದೆ ಯಾರೂ ಕುಡಿಯುವುದಿಲ್ಲ. ದೀಪಕ್ಕೆ ಹುಳ ಬಾರದಂತೆ ಗಾಜಿನ ಗೂಡು. ಒಂದು ಜೀವವೂ ನೋಯಬಾರದು. ಈ ಹೆಂಗಸು ಅವನು ಜ್ವರದಲ್ಲಿ ಮಲಗಿದ್ದಾಗ ರಾತ್ರಿಯೆಲ್ಲ ಹಣೆಗೆ ಬಟ್ಟೆ ಹಾಕಿದವರು. ನಿಮ್ಮಿಂದಲೇ ಇದು ಉಸಿರು ಕಟ್ಟಿ ಸಾಯುತ್ತಿತ್ತು ಎಂದು ಇವರಿಗೆ ಹೇಳುವುದು ಯಾವ ಬಾಯಿಯಿಂದ?

"ಛಲೋ ಮಾಡೀರಿ," ಎಂದ.

ಅವರು ಖುಷಿಯಿಂದ ಹೋದರು. ಪಿನ್ನಿನಿಂದ ಒಂದು ಚುಚ್ಚು ಚುಚ್ಚಿದರೆ ಕೆಲಸ ಮುಗಿಯುತ್ತಿತ್ತು. ಅವನು ಚುಚ್ಚಲಿಲ್ಲ. ಕೊಳವೆ ಮತ್ತೆ ಜೋಡಿಸಿದ. ಮೇಣ ಹಾಗೇ ಇರಲಿ ಎಂದು ಮುಚ್ಚಳವನ್ನು ಪೂರ್ತಿ ಬಿಗಿಯದೆ ಅರ್ಧ ತಿರುವು ಸಡಿಲ ಬಿಟ್ಟ. ಗಾಳಿ ಸಂದಿಯಿಂದ ಹೋಗುತ್ತದೆ, ಅತ್ತೆಗೂ ನೋವಿಲ್ಲ. ಹೀಗೆ ಯಾರಿಗೂ ಏನೂ ಹೇಳದೆ ಸರಿಪಡಿಸುವುದರಲ್ಲಿ ಅವನು ಪಳಗಿದ್ದ. ಕೀಲಿ ತಿರುಗಿಸಿದ. ಗಾಡಿ ಒಂದೇ ಉಸಿರಿಗೆ ಚಾಲೂ ಆಯಿತು, ನಿಲ್ಲಲಿಲ್ಲ. ಕಾದು ನೋಡಿದ. ನಿಲ್ಲುವ ಲಕ್ಷಣವೇ ಇರಲಿಲ್ಲ.

ನೆಪ ಮುಗಿಯಿತು. ಗಾಡಿ ಆರಿಸಿ, ಸಾಬೂನಿನಿಂದ ಕೈ ತೊಳೆದು ಒಳಗೆ ಹೋದ. ವಾಸನೆ ಹೋಗಲಿಲ್ಲ.

ಬಾಪೂಸಾಹೇಬರು ತೂಗುಮಂಚದ ಮೇಲೆ ಕೂತಿದ್ದರು.

"ಬರ್ರಿ, ಕುಂಡ್ರಿ. ಆತೇನು ಗಾಡಿ?"

"ಆತ್ರಿ. ಸಣ್ಣದಿತ್ತು." ಸಮ್ಮೇದ ಕೂಡಲಿಲ್ಲ. ಕೂತರೆ ಮತ್ತೆ ಏಳುವುದಾಗಲಿಕ್ಕಿಲ್ಲವೆಂದು ಹೆದರಿದ. "ಮಾಮಾ, ಒಂದ ಮಾತ ಹೇಳೂದಿತ್ತು."

"ಗಡಹಿಂಗ್ಲಜದ್ದು, ಹೌದಲ್ರಿ?"

ಮಂಚದ ಸರಪಳಿ ಕಿರ್ರೆಂದಿತು.

"ನೂತನ ನಿನ್ನೆ ಹೇಳಿದ್ಲು," ಎಂದರು ಬಾಪೂಸಾಹೇಬರು. "ಸಿಟ್ಟ ಬಂದಿಲ್ರಿ ನನಗ. ಖರೇ ಹೇಳ್ತೇನಿ, ಅಭಿಮಾನ ಅನಿಸ್ತು. ಮುಂಜಾನಿಂದ ಬೇವಿನ ಗಿಡದ ಬುಡಕ ಯಾಕ ಕುಂತಿದ್ದೆ ಅಂತೀರಿ? ನೀವಽ ಬಂದು ಒಂದ ಮಾತ ಹೇಳಿದ್ರ, ಹೋಗಿ ಬರ್ರಿ ಅನ್ನಾಂವ ಇದ್ದೆ. ಕಾರ್ ತಗದು ಬಾಗಲಾಗ ನಿಲ್ಲಿಸಿದ್ದೆ."

ಕಿಟಕಿಯಾಚೆ ಬಿಳಿ ಕಾರು ಗೇಟಿಗೆ ಮುಖ ಮಾಡಿ ನಿಂತಿತ್ತು.

"ಆದ್ರ ನೀವು ಗಾಡಿ ಬಿಚ್ಚಿ ಕುಂತ್ರಿ. ಏನ ಜೀವಾ ಇಟ್ಟು ಮಾಡಾಕತ್ತಿದ್ರಿ! ನಿಮ್ಮ ಮಾರಿ ನೋಡಿದೆ. ಅಷ್ಟ ಸಮಾಧಾನ ನಾ ಯಾವತ್ತೂ ನೋಡಿಲ್ಲ. ಇವರ ಮನಸ್ಸು ಇಲ್ಲೇ ಐತಿ, ಬ್ಯಾಡಾಗೇತಿ, ಆದ್ರ ಅಲ್ಲಿಯವ್ರಿಗೆ ಇಲ್ಲ ಅನ್ನಾಕ ಸಂಕೋಚ ಅಂತ ತಿಳದೆ. ಹನ್ನೆರಡಕ್ಕ ಕೇಳಿದ್ನಲ್ಲ, ಏನೂ ಇಲ್ಲಲ್ಲ ಅಂತ? ಇಲ್ಲ ಅಂದ್ರಿ. ಅಲ್ಲೀ ಅಧ್ಯಕ್ಷರು ನಮ್ಮ ಬೀಗರ ಪೈಕಿ. ಫೋನ್ ಮಾಡಿ, ಬರೂದಿಲ್ಲ ಅಂತ ಹೇಳಿಬಿಟ್ಟೆ. ಎರಡನೇ ನಂಬರದ ಹುಡುಗನ್ನ ಕರಿಸ್ಯಾರ."

ಅವರ ಮುಖದಲ್ಲಿ ಕಪಟವಿರಲಿಲ್ಲ. ಹುಡುಕಿದ, ಚೂರೂ ಇರಲಿಲ್ಲ.

"ತಪ್ಪಾತೇನ್ರಿ?" ಎಂದು ಬಾಪೂಸಾಹೇಬರು ಕೇಳಿದರು. ದನಿಯಲ್ಲಿ ಅಳುಕಿತ್ತು.

ಆಗ ಹೇಳಬಹುದಿತ್ತು. ತೂಗುಮಂಚ ನಿಂತಿತ್ತು, ಮುದುಕ ಉತ್ತರಕ್ಕೆ ಕಾಯುತ್ತಿದ್ದ.

"ಇಲ್ರಿ," ಎಂದ ಸಮ್ಮೇದ. "ಛಲೋ ಮಾಡೀರಿ."

ಮಾಳಿಗೆಯ ಕೋಣೆಯಲ್ಲಿ ನೂತನ ಮಂಚದ ಮೇಲೆ ಕೂತಿದ್ದಳು. ಇಸ್ತ್ರಿ ಮಾಡಿದ ಅವನ ಅಂಗಿ ಕುರ್ಚಿಯ ಬೆನ್ನಿಗಿತ್ತು. ಎಲ್ಲ ಕೇಳಿಸಿಕೊಂಡಿದ್ದಳೆಂದು ಮುಖವೇ ಹೇಳುತ್ತಿತ್ತು.

"ಯಾಕ ಹೇಳಿದಿ ಅವರಿಗೆ?" ಎಂದ.

"ನಿಮ್ಮ ಕೆಲಸ ಹಗುರ ಆಗಲಿ ಅಂತ. ಅವರು ಹೂಂ ಅಂತಾರ ಅಂತ ನನಗ ಗೊತ್ತಿತ್ತು. ನೀವು ಬಾಯಿ ಬಿಟ್ಟ ಒಮ್ಮೆ ಹೇಳ್ತೀರಿ ಅಂತ ಹಾದಿ ನೋಡಿದ್ನಿ." ಅಂಗಿಯ ಕಡೆ ಕೈ ತೋರಿಸಿದಳು. "ಈಗರೆ ಹೋಗ್ರಿ. ಹೋಗಿ ಅವರ ಮುಂದ ನಿಂದರ್ರಿ, ನಾನಽ ಸಮ್ಮೇದ ಅನ್ರಿ. ಯಾರ ಹಿಡದಾರ ನಿಮ್ಮನ್ನ?"

ಅವಳ ಬಾಯಲ್ಲಿ ತನ್ನ ಹೆಸರು ಕೇಳಿ ಅವನಿಗೆ ಮೈ ಜುಂ ಎಂದಿತು. ಮಂಚದ ಕೆಳಗೆ ಅವನ ಬ್ಯಾಗಿತ್ತು. ಅದರ ಪಕ್ಕದಲ್ಲಿ ಇನ್ನೊಂದಿತ್ತು, ಅವಳದು, ತುಂಬಿ ಜಿಪ್ ಎಳೆದದ್ದು. ಅವನು ಆ ಎರಡನೆಯದನ್ನು ನೋಡುತ್ತಲೇ ನಿಂತ. ಇವಳೂ ಹೊರಟಿದ್ದಳೆಂದು ಅವನ ಮನಸ್ಸಿಗೆ ಒಮ್ಮೆಯೂ ಹೊಳೆದಿರಲಿಲ್ಲ.

"ಹುಲ್ಲು ಉಳದೈತಿ," ಎಂದ. "ನಾಳಿ ಚತುರ್ದಶಿ."

ನೂತನ ಅವನನ್ನು ಹೊಸಬನನ್ನು ನೋಡುವ ಹಾಗೆ ನೋಡಿದಳು. ಎದ್ದು ಅಂಗಿಯನ್ನು ನಾಲ್ಕು ಮಡಿಕೆ ಮಾಡಿ ಕಪಾಟಿನಲ್ಲಿಟ್ಟಳು.

ಗಾಡಿ ಈಗ ನಿಲ್ಲಲಿಲ್ಲ. ಬೇಲಿಯ ಅಂಚಿನಿಂದ ಶುರು ಮಾಡಿ ಅವನು ಒಳಕ್ಕೆ ಒಳಕ್ಕೆ ಸುತ್ತು ಹಾಕುತ್ತ ಬಂದ. ಹಸಿ ಹುಲ್ಲಿನ ವಾಸನೆ ಎದ್ದಿತು. ಪ್ರತಿ ತಿರುವಿನಲ್ಲೂ ಒಂದು ಕೆಮ್ಮಿಗೆ ಕಿವಿಗೊಟ್ಟ, ಬರಲಿಲ್ಲ. ಎಲ್ಲಿಂದಲೋ ಬೆಳ್ಳಕ್ಕಿಗಳು ಬಂದಿಳಿದು, ಕತ್ತರಿಸಿದ ನೆಲದ ಮೇಲೆ ಗಾಡಿಯ ಹಿಂದೆ ಗಂಭೀರವಾಗಿ ನಡೆಯತೊಡಗಿದವು. ಸುತ್ತು ಸಣ್ಣದಾಯಿತು, ಬಿಸಿಲು ಕೆಂಪಾಯಿತು.

ಬೆಳೆದ ಹುಲ್ಲು ಈಗ ನಡುವೆ ಒಂದು ಜಮಖಾನೆಯಷ್ಟೇ ಉಳಿದಿತ್ತು. ಅದು ಕುದಿಯುತ್ತಿತ್ತು. ಮೊದಲು ಕಣ್ಣು ಮಂಜಾಯಿತೇನೋ ಎಂದುಕೊಂಡ. ಬಗ್ಗಿ ನೋಡಿದರೆ ಮಿಡತೆಗಳು, ಸಾವಿರಾರು. ಲಾನಿನಲ್ಲಿದ್ದ ಎಲ್ಲ ಮಿಡತೆಗಳೂ ಬ್ಲೇಡಿಗೆ ಹೆದರಿ ಒಳಕ್ಕೆ ಸರಿಯುತ್ತ ಸರಿಯುತ್ತ ಇಲ್ಲಿ ಸೇರಿದ್ದವು. ನಡುವಿನಿಂದ ಹೊರಕ್ಕೆ ಕತ್ತರಿಸುತ್ತ ಹೋಗಿದ್ದರೆ ಬೇಲಿ ದಾಟಿ ಹಿಂದಿನ ಕಬ್ಬಿನ ಗದ್ದೆಗೆ ಹೋಗುತ್ತಿದ್ದವು. ಈಗ ನಾಲ್ಕೂ ಕಡೆ ಬೋಳು ನೆಲ, ಬೋಳು ನೆಲದ ಮೇಲೆ ಬೆಳ್ಳಕ್ಕಿಗಳು.

ಅವನು ಗಾಡಿಯನ್ನು ಅಲ್ಲೇ ನಿಲ್ಲಿಸಿದ. ಇಂಜಿನ್ನು ತಿರುಗುತ್ತಲೇ ಇತ್ತು, ಕೆಳಗೆ ಬ್ಲೇಡುಗಳೂ.

"ಜಾವಯಿಬಾಪು, ಬರ್ರಿ! ಹೊತ್ತು ಮುಳಗತೈತಿ, ಊಟಾ ಮಾಡೂಣು!" ಕಾಂಚನಬಾಯಿ ಕಟ್ಟೆಯ ಮೇಲಿಂದ ಕೂಗಿದರು. ಕತ್ತಲಾದ ಮೇಲೆ ಆ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ. ಅವನು ಹೋಗದೆ ಅವರು ಕೂರುವವರಲ್ಲ.

"ಒಂದಽ ಸುತ್ತು ಉಳದೈತಲ್ರಿ, ಮುಗಿಸೇ ಬರ್ರಿ!" ಎಂದು ಬಾಪೂಸಾಹೇಬರ ದನಿ. ನೂತನಳ ದನಿ ಕೇಳಲಿಲ್ಲ.

ಹುಲ್ಲಿನಿಂದ ಒಂದು ಮಿಡತೆ ನೆಗೆದು ಅವನ ಮೊಣಕಾಲಿನ ಮೇಲೆ ಬಂದು ಕೂತಿತು. ಎಳೆಯದು, ರೆಕ್ಕೆ ಪೂರ್ತಿ ಬಲಿತಿರಲಿಲ್ಲ. ಇಂಜಿನ್ನಿನ ನಡುಕಕ್ಕೆ ಅದರ ಮೀಸೆ ಅದುರುತ್ತಿತ್ತು. ಗಾಡಿ ಆರಿಸುವ ಕೀಲಿ ಮುಂದಿನ ಹಲಗೆಯ ಮೇಲಿತ್ತು. ಅಷ್ಟು ದೂರ ಬಗ್ಗಿದರೆ ಕಾಲು ಅಲ್ಲಾಡುತ್ತದೆ. ಕಾಲು ಅಲ್ಲಾಡಿದರೆ ಅದು ಹೆದರಿ ನೆಗೆಯುತ್ತದೆ, ಎಲ್ಲಿಗೆ ನೆಗೆಯುತ್ತದೋ.

ಸಮ್ಮೇದ ಕಾಲು ಅಲ್ಲಾಡಿಸದೆ ಕೂತ.